ಹೊಳೆಯಿಂದ ಹೊಳೆಗೆ, ಸೈಕಲ್ ಮೇಲೆ

ಮಲೆನಾಡಿನ ರಸ್ತೆಯನ್ನು ಬಸ್ಸಿನಲ್ಲಿ ಕೂತು ನೋಡಿದವರಿಗೆ ತಿರುವುಗಳು ನೆನಪಿರುತ್ತವೆ. ಸೈಕಲ್ ತುಳಿದುಕೊಂಡು ಹೋದವರಿಗೆ ಸೇತುವೆಗಳು ನೆನಪಿರುತ್ತವೆ. ಇಳಿಜಾರು ಮುಗಿಯುವಲ್ಲೆಲ್ಲ ಒಂದು ಹಳ್ಳವೋ ಹೊಳೆಯೋ ಇರುತ್ತದೆ, ಅದನ್ನು ದಾಟಿದ ಮರುಗಳಿಗೆಯೇ ಚಡಾವು ಎದುರಾಗುತ್ತದೆ, ಆ ಚಡಾವಿನ ನೆತ್ತಿಯಲ್ಲಿ ಒಂದು ದಿಣ್ಣೆ ಸಿಗುತ್ತದೆ, ದಿಣ್ಣೆಯಾಚೆಗೆ ಇನ್ನೊಂದು ಹಳ್ಳ. ಬೆಳಗಿನಿಂದ ಸಂಜೆಯವರೆಗೆ ಇದೇ ನಡೆಯುತ್ತದೆ. ಮೊದಮೊದಲು ಇದು ಬರೀ ಆಯಾಸವಾಗಿ ಕಾಣುತ್ತದೆ. ಈ ಹಳ್ಳ ಯಾವ ಹೊಳೆಗೆ ಸೇರುತ್ತದೆ, ಆ ಹೊಳೆ ಯಾವ ಕಡಲಿಗೆ ಹೋಗುತ್ತದೆ ಎಂದು ಸಿಕ್ಕವರನ್ನೆಲ್ಲ ಕೇಳಿಕೊಳ್ಳುತ್ತಾ ಮುಂದುವರಿದರೆ ಮಾತ್ರ ಪ್ರತಿ ಏರಿಗೂ ಒಂದು ಅರ್ಥ ಹುಟ್ಟತೊಡಗುತ್ತದೆ. ಸಕಲೇಶಪುರದಿಂದ ಜೋಗದವರೆಗೆ, ಘಟ್ಟದ ಅಂಚನ್ನು ಆದಷ್ಟು ಬಿಡದೆ, ಒಬ್ಬನೇ ಸೈಕಲ್ಲಿನಲ್ಲಿ ಹೋದಾಗ ನನ್ನನ್ನು ನಡೆಸಿದ್ದು ಈ ಪ್ರಶ್ನೆಯೇ. ಸಹ್ಯಾದ್ರಿಯನ್ನು ತಿಳಿಯುವುದೆಂದರೆ ಅದರ ನೀರು ಎಲ್ಲೆಲ್ಲಿ ಬೇರೆಯಾಗುತ್ತದೆ ಎಂಬುದನ್ನು ಕಾಲಿನಿಂದ ತಿಳಿಯುವುದು ಎಂದು ಈಗ ಗಟ್ಟಿಯಾಗಿ ನಂಬಿದ್ದೇನೆ.

ಹೊರಟದ್ದು ಮಳೆಗಾಲ ಪೂರ್ತಿ ಹಿಂದೆ ಸರಿದ ಮೇಲೆ, ನವೆಂಬರಿನ ಕೊನೆಯಲ್ಲಿ. ಮಳೆಗಾಲದ ಮಲೆನಾಡನ್ನು ಸೈಕಲ್ಲಿನಲ್ಲಿ ನೋಡಬೇಕೆಂಬ ಆಸೆ ಅನೇಕರಿಗಿರುತ್ತದೆ. ನಾನದನ್ನು ಯಾರಿಗೂ ಹೇಳುವುದಿಲ್ಲ. ರಸ್ತೆಯಂಚಿನ ಪಾಚಿ, ಕಾಲಿಗೆ ಹತ್ತುವ ಉಂಬಳ, ಯಾವ ಗಳಿಗೆಯಲ್ಲಾದರೂ ಜಾರಬಹುದಾದ ಧರೆ (ರಸ್ತೆಬದಿಯ ಕಡಿದ ಮಣ್ಣಿನ ಗೋಡೆ), ಎದುರಿನಿಂದ ಬರುವ ಲಾರಿಯ ದೀಪವೂ ಕಾಣದಷ್ಟು ದಟ್ಟವಾದ ಮಂಜು, ಇವೆಲ್ಲ ಒಂಟಿಯಾಗಿ ಹೋಗುವವನಿಗೆ ಆಗಿಬರುವಂಥವಲ್ಲ. ನವೆಂಬರಿನಲ್ಲಿ ಹಳ್ಳಗಳಲ್ಲಿ ನೀರು ಇನ್ನೂ ಧಾರಾಳವಾಗಿರುತ್ತದೆ, ಬಿಸಿಲು ಹದವಾಗಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಊರಿನಲ್ಲಿ ಎಲ್ಲರೂ ಹೊರಗಿರುವ ಕಾಲ. ಅರೇಬಿಕಾ ಕಾಫಿಯ ಹಣ್ಣು ಕೊಯ್ಯುತ್ತಿರುತ್ತಾರೆ, ಅಡಿಕೆಯ ಕೊನೆ ಇಳಿಸುತ್ತಿರುತ್ತಾರೆ, ಗದ್ದೆಯ ಕೊಯ್ಲು ನಡೆದಿರುತ್ತದೆ. ದಾರಿ ಕೇಳಲು, ಬಾಟಲಿಗೆ ನೀರು ತುಂಬಿಸಿಕೊಳ್ಳಲು, ಸುಮ್ಮನೆ ಎರಡು ಮಾತಾಡಲು ಪ್ರತಿ ಅಂಗಳದಲ್ಲೂ ಯಾರಾದರೊಬ್ಬರು ಇರುತ್ತಾರೆ.

ಸೈಕಲ್ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಗುಡ್ಡಗಾಡಿನಲ್ಲಿ ಸೈಕಲ್ಲಿನ ಬೆಲೆಗಿಂತ ಗೇರಿನ ಲೆಕ್ಕ ದೊಡ್ಡದು. ನಮ್ಮ ಊರುಗಳಲ್ಲಿ ಹಾಲು, ಮೀನು, ಹುಲ್ಲುಹೊರೆಗಳನ್ನು ಹೊತ್ತ ಹಳೆಯ ಕಪ್ಪು ಸೈಕಲ್ಲಿಗೆ ಒಂದೇ ಗೇರು. ಚೈನು ಸುತ್ತುವ ಮುಂದಿನ ಹಲ್ಲುಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಎಂದಿಟ್ಟುಕೊಂಡರೆ ಪೆಡಲನ್ನು ಒಂದು ಸುತ್ತು ತಿರುಗಿಸಿದಾಗ ಅದು ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಬಯಲಿನಲ್ಲಿ ಅದು ಸೊಗಸು. ಚಡಾವಿನಲ್ಲಿ ಇಳಿದು ತಳ್ಳದೆ ಗತಿಯಿಲ್ಲ. ನಾನು ತೆಗೆದುಕೊಂಡು ಹೋದ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 34 ಹಲ್ಲುಗಳ ಜೋಡಣೆ ಸಿಗುತ್ತದೆ; ಒಂದು ಸುತ್ತಿಗೆ ಸುಮಾರು 1.8 ಮೀಟರ್ ಮಾತ್ರ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ, ಅಂದರೆ ಬಿರುಸಾಗಿ ನಡೆಯುವವನ ವೇಗದಲ್ಲಿ, ಉಸಿರು ಕೆಡದಂತೆ ಕಾಲಾಡಿಸಿಕೊಂಡು ಹೋಗಲು ಇಷ್ಟು ಸಣ್ಣ ಗೇರು ಬೇಕೇ ಬೇಕು. ಅಂಗಡಿಗಳಲ್ಲಿ ವೇಗದ ಸೈಕಲ್ಲನ್ನು ಹೊಗಳಿ ಮಾರುತ್ತಾರೆ. ಘಟ್ಟಕ್ಕೆ ಹೋಗುವವರು ಅದರ ಅತಿ ನಿಧಾನದ ಗೇರು ಯಾವುದೆಂದು ಮೊದಲು ಕೇಳಬೇಕು.

ತೂಕದ ಲೆಕ್ಕವೂ ಇದಕ್ಕೇ ಸೇರಿದ್ದು. ನಾನು, ಸೈಕಲ್ಲು, ಕ್ಯಾರಿಯರಿನ ಎರಡು ಕಡೆಯ ಚೀಲ, ನೀರು, ಎಲ್ಲ ಸೇರಿ 95 ಕಿಲೋ ಆಸುಪಾಸು. ಇಷ್ಟು ಭಾರವನ್ನು ಸಾವಿರ ಮೀಟರ್ ಮೇಲಕ್ಕೆತ್ತಲು ಸುಮಾರು 930 ಕಿಲೋಜೌಲ್ ಕೆಲಸವಾಗಬೇಕು. ತಿಂದ ಅನ್ನದ ಶಕ್ತಿಯಲ್ಲಿ ನಮ್ಮ ಸ್ನಾಯುಗಳು ಹೆಚ್ಚೆಂದರೆ ಕಾಲುಭಾಗವನ್ನು ಕೆಲಸವಾಗಿ ಮಾಡಿಕೊಡುತ್ತವೆ, ಉಳಿದದ್ದು ಬೆವರು ಮತ್ತು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಸಾವಿರ ಮೀಟರ್ ಏರಿಗೆಂದೇ 900 ಕಿಲೋಕ್ಯಾಲೊರಿಯಷ್ಟು ಆಹಾರ ಹೆಚ್ಚುವರಿಯಾಗಿ ಬೇಕು. ಘಟ್ಟದ ಮೇಲಿನ ದಾರಿಯಲ್ಲಿ ಒಂದೇ ದೊಡ್ಡ ಏರು ಇಲ್ಲದಿದ್ದರೂ ಐವತ್ತು, ನೂರು ಮೀಟರಿನ ದಿಣ್ಣೆಗಳೇ ಸಂಜೆಯ ಹೊತ್ತಿಗೆ ಸಾವಿರ ಮೀಟರನ್ನು ಮೀರಿಸುತ್ತವೆ. ಒಂದು ಕಿಲೋ ಭಾರ ಕಡಿಮೆ ಮಾಡಲು ಜನ ತುಂಬ ತಲೆ ಕೆಡಿಸಿಕೊಳ್ಳುವುದನ್ನು ಕಂಡಿದ್ದೇನೆ. ಒಟ್ಟು ತೂಕದಲ್ಲಿ ಅದು ನೂರಕ್ಕೆ ಒಂದು ಪಾಲು. ಆ ಒಂದು ಕಿಲೋದಲ್ಲಿ ಹೆಚ್ಚುವರಿ ಟ್ಯೂಬು, ಚೈನು ಬಿಚ್ಚುವ ಸಾಧನ, ಬ್ರೇಕ್ ಪ್ಯಾಡು, ಎರಡು ಸ್ಪೋಕು, ಅವಲಕ್ಕಿ ಮತ್ತು ಬೆಲ್ಲ ಬರುವುದಾದರೆ ಅದನ್ನು ಹೊತ್ತೇ ಹೋಗಬೇಕು. ಗೇರಿನ ಸೈಕಲ್ಲಿನ ಬಿಡಿಭಾಗ ಕಳಸದಲ್ಲೂ ಸಿಗುವುದಿಲ್ಲ, ಆಗುಂಬೆಯಲ್ಲೂ ಸಿಗುವುದಿಲ್ಲ.

ಸಕಲೇಶಪುರ ಹೇಮಾವತಿಯ ದಡದ ಊರು. ಅಲ್ಲಿಂದ ಹಾನುಬಾಳಿನ ಮೇಲೆ ಮೂಡಿಗೆರೆಯ ಕಡೆಗೆ ಹೊರಟರೆ ಹೊಳೆಯ ಮೂಲದ ಕಡೆಗೇ ಹೋಗುತ್ತಿರುತ್ತೇವೆ. ದಾರಿಯ ಎರಡೂ ಬದಿಗೆ ಕಾಫಿ ತೋಟ, ಅದರ ಮೇಲೆ ಸಿಲ್ವರ್ ಓಕ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ. ಇಲ್ಲಿ ಕಾಡಾನೆಗಳ ಓಡಾಟ ದಿನನಿತ್ಯದ ಸಂಗತಿ. ಸದ್ದಿಲ್ಲದೆ ಸಾಗುವ ಸೈಕಲ್ಲು ಆನೆಗೂ ಗೊತ್ತಾಗುವುದಿಲ್ಲ, ತಿರುವಿನಾಚೆ ನಿಂತ ಆನೆ ನಮಗೂ ಗೊತ್ತಾಗುವುದಿಲ್ಲ. ಆದ್ದರಿಂದ ಪೂರ್ತಿ ಬೆಳಕಾಗುವ ಮೊದಲು ಹೊರಡಬಾರದು, ಸಂಜೆ ಐದರ ಮೇಲೆ ರಸ್ತೆಯಲ್ಲಿರಬಾರದು ಎಂಬ ನಿಯಮವನ್ನು ಹಾಕಿಕೊಂಡಿದ್ದೆ. ಪ್ರತಿ ಬೆಳಿಗ್ಗೆ ಚಹದಂಗಡಿಯಲ್ಲಿ ಆನೆಗಳು ರಾತ್ರಿ ಯಾವ ಕಡೆಗಿದ್ದವು ಎಂದು ವಿಚಾರಿಸಿಕೊಂಡೇ ಹೊರಡುತ್ತಿದ್ದೆ. ತೋಟಕ್ಕೆ ಕೆಲಸಕ್ಕೆ ಹೋಗುವವರಿಗೆ ಅದರ ಖಚಿತ ಮಾಹಿತಿ ಇರುತ್ತದೆ, ಏಕೆಂದರೆ ಅವರ ಜೀವದ ಪ್ರಶ್ನೆ ಅದು.

ಕೊಟ್ಟಿಗೆಹಾರಕ್ಕೆ ಬಂದರೆ ಎಲ್ಲರೂ ನೀರುದೋಸೆ ತಿನ್ನುತ್ತಾರೆ, ನಾನೂ ತಿಂದೆ. ಆದರೆ ಆ ಊರು ನನಗೆ ಮುಖ್ಯವಾಗುವುದು ಅದರ ಸುತ್ತಲಿನ ನೀರಿನಿಂದ. ಪಶ್ಚಿಮಕ್ಕೆ ಚಾರ್ಮಾಡಿ ಘಾಟಿಯಲ್ಲಿ ಇಳಿಯುವ ನೀರೆಲ್ಲ ನೇತ್ರಾವತಿಯ ಪಾಲು. ಅದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಹತ್ತಿರದ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಕಾವೇರಿಗೆ ಸೇರಿ ತಮಿಳುನಾಡಿನ ಬಯಲನ್ನು ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿಂದ ಕಳಸದ ಕಡೆಗೆ ಇಳಿದರೆ ಸಿಗುವ ಭದ್ರೆ ಕೂಡ ಬಂಗಾಳ ಕೊಲ್ಲಿಗೇ ಹೋಗುವುದಾದರೂ ಅದರ ದಾರಿ ಬೇರೆ: ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ತುಂಗಭದ್ರೆಯಾಗಿ ಹಂಪಿಯನ್ನು ಹಾದು, ಕೃಷ್ಣೆಗೆ ಸೇರಿ ಆಂಧ್ರದ ಕರಾವಳಿಗೆ. ಹೆಂಚಿನ ಮನೆಯ ಮಾಡಿನ ಏಣು ಮಳೆನೀರನ್ನು ಆಚೀಚೆ ಹಂಚುವಂತೆ ಇಲ್ಲಿನ ದಿಣ್ಣೆಗಳು ಒಂದೇ ಮೋಡದ ಮಳೆಯನ್ನು ಮೂರು ಹೊಳೆಗಳಿಗೆ ಹಂಚುತ್ತವೆ. ಬಾಳೂರಿನ ಕಡೆಯ ಆ ದಿಣ್ಣೆಗಳನ್ನು ಕಡಿಮೆ ಗೇರಿನಲ್ಲಿ ಹತ್ತುವಾಗ, ಈ ಏರು ಮುಗಿದಲ್ಲಿ ಕಾವೇರಿಯ ಸೀಮೆ ಮುಗಿದು ಕೃಷ್ಣೆಯ ಸೀಮೆ ಶುರುವಾಗುತ್ತದೆ ಎಂದು ಗೊತ್ತಿದ್ದರೆ ಆ ಕೊನೆಯ ನೂರು ಮೀಟರಿಗೆ ಬೇರೆಯೇ ಗಾಂಭೀರ್ಯ ಬರುತ್ತದೆ.

ಚಾರ್ಮಾಡಿಯಲ್ಲಿ ನಾನು ಇಳಿಯಲಿಲ್ಲ. ಘಟ್ಟದ ಮೇಲೇ ಇರಬೇಕೆಂದು ಹೊರಟಿದ್ದೆ. ಆದರೂ ಸ್ವಲ್ಪ ದೂರ ಹೋಗಿ ಆ ರಸ್ತೆಯನ್ನು ನೋಡಿಕೊಂಡು ಬಂದೆ. ಹಳೆಯ ಘಾಟಿ ರಸ್ತೆಗಳ ಇಳಿಜಾರಿನಲ್ಲಿ ಒಂದು ಹದವಿದೆ. ಕರಾವಳಿಯ ಉಪ್ಪು ಮೇಲಕ್ಕೂ, ಮಲೆನಾಡಿನ ಅಕ್ಕಿ, ಮೆಣಸು, ಅಡಿಕೆ ಕೆಳಕ್ಕೂ ಹೇರೆತ್ತುಗಳ ಬೆನ್ನಿನ ಮೇಲೆ ಶತಮಾನಗಳ ಕಾಲ ಸಾಗಿದವು; ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ 1834ರಿಂದ 1861ರ ಅವಧಿಯಲ್ಲಿ ರಸ್ತೆ ಕೆಲಸಕ್ಕೆ ಒತ್ತು ಬಿದ್ದು, ಕಾಫಿಯನ್ನು ಬಂದರಿಗೆ ಸಾಗಿಸಲು ಗಾಡಿ ಹೋಗುವಂಥ ಘಾಟಿ ರಸ್ತೆಗಳು ಬೇಕಾದವು. ತುಂಬಿದ ಗಾಡಿಯನ್ನು ಎಳೆಯುವ ಎತ್ತಿಗೆ ಎಷ್ಟು ಏರು ಸಾಧ್ಯವೋ ಅಷ್ಟನ್ನೇ ಕೊಟ್ಟು, ಗುಡ್ಡದ ಮೈಯನ್ನು ಬಳಸಿಕೊಂಡು, ದೂರ ಹೆಚ್ಚಾದರೂ ಸರಿಯೆಂದು ಸುತ್ತಿ ಹೋಗುವ ದಾರಿಗಳು ಅವು. ಎತ್ತಿಗೆ ಒಗ್ಗಿದ ಇಳಿಜಾರು ಸಾಮಾನು ಹೇರಿದ ಸೈಕಲ್ಲಿಗೂ ಒಗ್ಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಇತ್ತೀಚಿನ ಕಾಂಕ್ರೀಟ್ ರಸ್ತೆಗಳು. ಜೀಪಿಗೂ ಪಿಕಪ್ ವಾಹನಕ್ಕೂ ಶಕ್ತಿಯಿರುವುದರಿಂದ ಅವು ಗುಡ್ಡವನ್ನು ನೇರವಾಗಿ ಸೀಳಿ ಏರುತ್ತವೆ. ಕಳಸದ ಸುತ್ತಿನ ತೋಟಗಳಿಗೆ ಹೋಗುವ ಅಂಥ ದಾರಿಗಳಲ್ಲಿ ನನ್ನ ಅತಿ ಸಣ್ಣ ಗೇರೂ ಸಾಲದೆ ಇಳಿದು ತಳ್ಳಿದ್ದೇನೆ.

ಈ ವ್ಯತ್ಯಾಸ ಕಾಲುನೋವಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಳೆಯ ದಾರಿಯಲ್ಲಿ ಪ್ರತಿ ಸಣ್ಣ ಹಳ್ಳಕ್ಕೂ ಕಲ್ಲು ಕಟ್ಟಿದ ಮೋರಿಯಿದೆ. ನಿಧಾನವಾಗಿ ಹೋಗುವವನಿಗೆ ಅವನ್ನು ಒಂದೊಂದಾಗಿ ನೋಡಲು ಆಗುತ್ತದೆ. ಅಗಲ ಮಾಡಿದ ರಸ್ತೆಯಲ್ಲಿ ಧರೆಯನ್ನು ಗೋಡೆಯಂತೆ ನೆಟ್ಟಗೆ ಕತ್ತರಿಸಿರುತ್ತಾರೆ, ಮೇಲಿನಿಂದ ಬರುವ ನೀರಿಗೆ ದಾರಿ ಎಲ್ಲಿ ಎಂಬುದು ಎಷ್ಟೋ ಕಡೆ ಕಾಣುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿ ಮಡಿಕೇರಿ ಮತ್ತು ಸಂಪಾಜೆ ನಡುವಿನ ರಸ್ತೆ ಕಿತ್ತುಹೋಯಿತು, 2019ರ ಆಗಸ್ಟಿನಲ್ಲಿ ಚಾರ್ಮಾಡಿಯೇ ಹಲವೆಡೆ ಕುಸಿದು ಮುಚ್ಚಿತು. ಅತಿಮಳೆ ಅದಕ್ಕೆ ಕಾರಣವೆಂಬುದು ನಿಜ. ಮಳೆಯ ನೀರಿಗೆ ಜಾಗ ಬಿಡದ ಕಡಿತವೂ ಕಾರಣವೆಂದು, ಆ ಧರೆಗಳ ಪಕ್ಕದಲ್ಲೇ ಗಂಟೆಗಟ್ಟಲೆ ನಿಧಾನವಾಗಿ ಸಾಗಿದ ನನಗೆ ಅನಿಸಿತು. ಘಟ್ಟದ ರಸ್ತೆಯ ಯೋಜನೆ ಮಾಡುವವರು ಒಮ್ಮೆಯಾದರೂ ಅದನ್ನು ಕೆಳಗಿನಿಂದ ಮೇಲಕ್ಕೆ ಕಾಲ್ನಡಿಗೆಯಲ್ಲೋ ಸೈಕಲ್ಲಿನಲ್ಲೋ ಹತ್ತಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕಳಸದಿಂದ ಸಂಸೆಯನ್ನು ದಾಟಿ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಭದ್ರೆ ಬಹುದೂರ ಜೊತೆಗಿರುತ್ತದೆ. ಹೊಳೆಗೆ ಎದುರಾಗಿ, ಅದರ ಪಕ್ಕದಲ್ಲೇ ಹತ್ತುವುದು ಎಲ್ಲ ಏರುಗಳಲ್ಲೂ ಸುಖದ ಏರು. ನೀರು ಹರಿಯುವಷ್ಟೇ ಇಳಿಜಾರು ರಸ್ತೆಗೂ ಇರುವುದರಿಂದ ಕಾಲಿಗೆ ಒಮ್ಮೆಲೇ ಪೆಟ್ಟು ಬೀಳುವುದಿಲ್ಲ. ಕುದುರೆಮುಖದ ಪಟ್ಟಣ ಈಗ ಹೆಚ್ಚುಪಾಲು ಖಾಲಿ. ಇಲ್ಲಿನ ಕಬ್ಬಿಣದ ಅದಿರನ್ನು ಪುಡಿಮಾಡಿ, ನೀರಿನೊಂದಿಗೆ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾದ ಕಾಡಿನ ಮಡಿಲಲ್ಲೇ ಆ ಗಣಿ ನಡೆಯುತ್ತಿತ್ತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಅದು ನಿಂತಿತು. ಕೆಲಸ ಕಳೆದುಕೊಂಡು ಊರು ಬಿಟ್ಟ ಕುಟುಂಬಗಳ ದುಃಖ ಸಣ್ಣದಲ್ಲ, ಖಾಲಿ ಮನೆಗಳ ಸಾಲಿನ ಮುಂದೆ ಹಾದುಹೋಗುವಾಗ ಅದು ಎದೆಗೆ ತಟ್ಟುತ್ತದೆ. ಆದರೂ ಗಣಿ ನಿಂತದ್ದು ಸರಿ ಎಂದೇ ನನ್ನ ತೀರ್ಮಾನ. ಅದರ ಕೆಂಪು ಹೂಳು ಭದ್ರೆಗೆ ಇಳಿಯುತ್ತಿತ್ತು, ಮತ್ತು ಭದ್ರೆಯ ನೀರನ್ನು ನಂಬಿದವರು ಕೆಳಗೆ ಬಯಲುಸೀಮೆಯವರೆಗೂ ಇದ್ದಾರೆ.

ಕುದುರೆಮುಖದಿಂದ, ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿಯಾದ ಎಸ್.ಕೆ. ಬಾರ್ಡರ್‌ವರೆಗಿನ ರಸ್ತೆ ನಾನು ಸೈಕಲ್ ತುಳಿದ ರಸ್ತೆಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು. ಕಾಡಿನ ತಪಾಸಣಾ ಕೇಂದ್ರದಲ್ಲಿ ಕೇಳಿಕೊಂಡು, ಹಗಲಿನಲ್ಲೇ, ಎಲ್ಲೂ ಕಸ ಬಿಡದೆ, ಗದ್ದಲ ಮಾಡದೆ ದಾಟಬೇಕಾದ ದಾರಿ ಅದು. ಬೆಟ್ಟಗಳ ನೆತ್ತಿ ಮತ್ತು ಹೆಗಲಿನ ಮೇಲೆಲ್ಲ ಹುಲ್ಲು. ಎರಡು ಗುಡ್ಡಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ಗಿಡ್ಡ ಮರಗಳ ದಟ್ಟ ಶೋಲಾ ಕಾಡು. ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಮರ, ಗಾಳಿ ಎಲ್ಲಿ ಬೀಸುತ್ತದೆಯೋ ಅಲ್ಲಿ ಹುಲ್ಲು. ಮಳೆ ನಿಂತು ತಿಂಗಳುಗಳಾದ ಮೇಲೂ ಪ್ರತಿ ಮಡಿಕೆಯಿಂದ ಒಂದೊಂದು ತೊರೆ ಇಳಿದು ರಸ್ತೆಯ ಕೆಳಗೆ ಹಾಯುತ್ತಿರುತ್ತದೆ, ಕದಂಬಿ ಜಲಪಾತವಂತೂ ರಸ್ತೆಯ ಬದಿಯಲ್ಲೇ ಬೀಳುತ್ತದೆ. ಇದೇ ಬೆಟ್ಟಗಳ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುತ್ತವೆ. ಹುಟ್ಟಿದ ಸ್ವಲ್ಪ ದೂರಕ್ಕೇ ನೇತ್ರಾವತಿ ಪಶ್ಚಿಮಕ್ಕೆ ತಿರುಗುತ್ತದೆ. ತುಂಗೆಯೂ ಭದ್ರೆಯೂ ಬೇರೆ ಬೇರೆ ಕಣಿವೆಗಳಲ್ಲಿ ಹರಿದು, ಶಿವಮೊಗ್ಗದ ಬಳಿ ಕೂಡ್ಲಿಯಲ್ಲಿ ಮತ್ತೆ ಒಂದಾಗುತ್ತವೆ. ಭದ್ರೆಯ ಕಣಿವೆಯಿಂದ ತುಂಗೆಯ ಕಣಿವೆಗೆ ಹೋಗಲು ನೀರಿಗೆ ಅಷ್ಟು ಸುತ್ತು ಬೇಕು; ಸೈಕಲ್ಲಿಗೆ ಒಂದು ದಿಣ್ಣೆ ಸಾಕು.

ಒಂಟಿಯಾಗಿ ಏಕೆ ಎಂಬ ಪ್ರಶ್ನೆ ದಾರಿಯುದ್ದಕ್ಕೂ ಬರುತ್ತದೆ. "ಒಬ್ರೇ ಹೊರಟದ್ದಾ ಮಾರಾಯ್ರೆ? ಜೊತೆಗೆ ಯಾರೂ ಇಲ್ವಾ?" ಎಂದು ಎಸ್.ಕೆ. ಬಾರ್ಡರಿನ ಈಚೆ ಹೊರೆ ಇಳಿಸಿ ಕೂತಿದ್ದ ಹಿರಿಯರೊಬ್ಬರು ಕೇಳಿದರು. ಇಲ್ಲವೆಂದೆ. ಸೈಕಲ್ಲಿನ ಹಿಂದಿನ ಗೇರುಗಳನ್ನು ಬಗ್ಗಿ ನೋಡಿ, ತಾವೂ ಹಿಂದೆ ಸೈಕಲ್ಲಿನಲ್ಲಿ ಹಾಲು ಸಾಗಿಸುತ್ತಿದ್ದೆವೆಂದು ಹೇಳಿ, "ಹಳ್ಳ ದಾಟಿದ ಮೇಲೆ ಒಂದು ಚಡಾವು ಉಂಟು, ಅದೊಂದು ಹತ್ತಿ. ಆಮೇಲೆ ಕೆರೆಕಟ್ಟೆಯಿಂದ ಶೃಂಗೇರಿವರೆಗೆ ಕಾಲು ಆಡಿಸೋದೇ ಬೇಡ" ಎಂದರು. ಅವರು ಹೇಳಿದ್ದು ಬಹುಮಟ್ಟಿಗೆ ನಿಜವಾಯಿತು. ದಾರಿ ಕೇಳುವಾಗ ಇದನ್ನು ನೆನಪಿಡಬೇಕು: ಕಾರಿನವರು ದೂರವನ್ನು ನಿಮಿಷದಲ್ಲಿ ಹೇಳುತ್ತಾರೆ, ಬೈಕಿನವರಿಗೆ ಏರು ಇರುವುದೇ ನೆನಪಿರುವುದಿಲ್ಲ, ಒಂದು ಕಾಲದಲ್ಲಿ ಸೈಕಲ್ ತಳ್ಳಿದವರಿಗೆ ಮಾತ್ರ ಪ್ರತಿ ದಿಣ್ಣೆಯೂ ಮೈಯಲ್ಲಿ ಉಳಿದಿರುತ್ತದೆ. ಗುಂಪಿನಲ್ಲಿ ಬಂದಿದ್ದರೆ ಅವರು ನನ್ನನ್ನು ಮಾತಾಡಿಸುತ್ತಿರಲಿಲ್ಲ, ನಾನೂ ನಿಲ್ಲುತ್ತಿರಲಿಲ್ಲ. ಗುಂಪು ತನ್ನೊಳಗೇ ಮಾತಾಡಿಕೊಂಡು ಸಾಗುತ್ತದೆ. ಒಂಟಿಯವನು ಊರಿನವರ ಮಾತಿಗೆ ಕಾದಿರುತ್ತಾನೆ. ಇದರ ಇನ್ನೊಂದು ಮುಖವೂ ಇದೆ. ಚೈನು ತುಂಡಾದರೆ ನಾನೇ ಜೋಡಿಸಬೇಕು, ಜ್ವರ ಬಂದರೆ ಮುಂದುವರಿಯಬೇಕೇ ಬೇಡವೇ ಎಂಬುದನ್ನು ನಾನೇ ತೀರ್ಮಾನಿಸಬೇಕು, ಮೊಬೈಲಿಗೆ ಸಿಗ್ನಲ್ ಇಲ್ಲದ ಮೈಲಿಗಟ್ಟಲೆ ದಾರಿಯಲ್ಲಿ ಬಿದ್ದರೆ ಮುಂದಿನ ವಾಹನ ಬರುವವರೆಗೆ ಕಾಯಬೇಕು. ಹೊರಡುವ ಮೊದಲು ಇಂದು ಎಲ್ಲಿಗೆ, ಯಾವ ದಾರಿಯಲ್ಲಿ ಎಂದು ಮನೆಗೆ ತಿಳಿಸಿಯೇ ಹೊರಡುತ್ತಿದ್ದೆ. ಒಬ್ಬಳೇ ಹೆಣ್ಣುಮಗಳು ಇದೇ ದಾರಿಯಲ್ಲಿ ಹೋದರೆ ಅವಳ ಲೆಕ್ಕಾಚಾರ ಇನ್ನೂ ಕಷ್ಟದ್ದಾಗಿರುತ್ತದೆ ಎಂಬುದು ನನಗೆ ಗೊತ್ತು. ನನಗೆ ಸಿಕ್ಕ ನಿರಾಳವನ್ನು ಎಲ್ಲರಿಗೂ ಸಿಗುವಂಥದ್ದೆಂದು ಹೇಳಲಾರೆ.

ಶೃಂಗೇರಿಯಲ್ಲಿ ಮಠದ ಪ್ರಸಾದದ ಊಟ ಉಂಡು, ತುಂಗೆಯ ಮೀನುಗಳನ್ನು ನೋಡುತ್ತಾ ಮೆಟ್ಟಿಲ ಮೇಲೆ ಕೂತು ಒಂದು ಮಧ್ಯಾಹ್ನ ಕಳೆದೆ. ಸೈಕಲ್ ಯಾತ್ರೆಯಲ್ಲಿ ಮಧ್ಯಾಹ್ನದ ಅನ್ನ, ಸಾರು, ಮಜ್ಜಿಗೆಗೆ ಸಮನಾದದ್ದು ಇಲ್ಲ. ಬೆವರಿನಲ್ಲಿ ಹೋದ ಉಪ್ಪೂ ನೀರೂ ಒಟ್ಟಿಗೇ ಮರಳುತ್ತವೆ.

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಬೆಂಗಳೂರಿನ ಮಳೆಗಿಂತ ಏಳು ಪಟ್ಟು ಹೆಚ್ಚು. ಕಡಲಿನಿಂದ ಬಂದ ಮೋಡ ಸೋಮೇಶ್ವರದ ನೆತ್ತಿಯ ಮೇಲೆ ನೆಟ್ಟಗೆ ಏಳುವ ಘಟ್ಟಕ್ಕೆ ಒಮ್ಮೆಲೇ ಬಡಿದು ಮೇಲೇರಿ ತಣ್ಣಗಾಗುವುದೇ ಅದಕ್ಕೆ ಕಾರಣ. ಆ ಗೋಡೆ ಎಂಥದೆಂದು ತಿಳಿಯುವ ಆಸೆಯಿಂದ, ಚೀಲಗಳನ್ನು ಆಗುಂಬೆಯಲ್ಲಿ ಉಳಿದ ಮನೆಯಲ್ಲೇ ಬಿಟ್ಟು, ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಇಳಿದು ಸೋಮೇಶ್ವರಕ್ಕೆ ಹೋಗಿ ಮತ್ತೆ ಹತ್ತಿ ಬಂದೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟದ ವಿದ್ಯೆ. ಐನೂರು ಮೀಟರಿನಷ್ಟು ಎತ್ತರ ಕಳೆದುಕೊಳ್ಳುವಾಗ ಆ ಶಕ್ತಿಯೆಲ್ಲ ಗಾಳಿಗೋ ಬ್ರೇಕಿಗೋ ಹೋಗಬೇಕು. ಬ್ರೇಕನ್ನು ಒಂದೇ ಸಮನೆ ಒತ್ತಿ ಹಿಡಿದರೆ ರಿಮ್ಮು ಮುಟ್ಟಲಾರದಷ್ಟು ಕಾಯುತ್ತದೆ, ಟ್ಯೂಬು ಸಿಡಿಯುವ ಅಪಾಯವೂ ಇದೆ. ತಿರುವಿಗೆ ಮೊದಲೇ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನೊಳಗೆ ಬ್ರೇಕು ಬಿಟ್ಟು, ಹೊರಗಿನ ಕಾಲನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ, ಕಣ್ಣನ್ನು ತಿರುವಿನ ಕೊನೆಗೆ ನೆಟ್ಟು ಹೋಗಬೇಕು. ನೆರಳಿನ ತಿರುವುಗಳಲ್ಲಿ ನವೆಂಬರಿನಲ್ಲೂ ತೇವ ಆರಿರುವುದಿಲ್ಲ, ಕೊಳೆತ ಎಲೆಯ ಮೇಲೆ ಮುಂದಿನ ಚಕ್ರ ಜಾರಿದರೆ ಹಿಡಿತ ಮತ್ತೆ ಸಿಗುವುದಿಲ್ಲ. ಭಾರಿ ವಾಹನಗಳಿಗೆ ಈ ಘಾಟಿಯಲ್ಲಿ ಪ್ರವೇಶವಿಲ್ಲದಿರುವುದು ಸೈಕಲ್ಲಿನವರಿಗೆ ದೊಡ್ಡ ಉಪಕಾರ. ಕೆಳಗೆ ಸೋಮೇಶ್ವರದಲ್ಲಿ ಸೀತಾನದಿಯ ಸೀಮೆ. ಅಲ್ಲಿನ ಸೆಕೆ, ಅಲ್ಲಿನ ಮಾತಿನ ಧಾಟಿ, ಅಂಗಡಿಯ ಬನ್ಸು, ಎಲ್ಲವೂ ಬೇರೆ. ಹತ್ತಿ ಮರಳಿ ಬಂದಾಗ ಆಗುಂಬೆಯ ಆಚೆ ಮಾಲತಿ ಹೊಳೆ ಪೂರ್ವಕ್ಕೆ, ತುಂಗೆಯ ಕಡೆಗೆ ಹರಿಯುತ್ತಿತ್ತು.

ತೀರ್ಥಹಳ್ಳಿಯ ಕಮಾನು ಸೇತುವೆಯ ಮೇಲೆ ತುಂಗೆಯನ್ನು ಬಿಟ್ಟು ಹೊಸನಗರದ ಕಡೆಗೆ ಹೊರಟಾಗ ಈ ಯಾತ್ರೆಯ ಅತಿ ಮುಖ್ಯವಾದ ದಿಣ್ಣೆಯನ್ನು ದಾಟುವವನಿದ್ದೆ, ಮತ್ತು ಅದು ಎಲ್ಲಿದೆ ಎಂದು ಕಣ್ಣಿಗೆ ಕಾಣುವಂತಿರಲಿಲ್ಲ. ತುಂಗೆಯ ನೀರು ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅರಳಸುರಳಿಯ ಬಳಿಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರಕ್ಕೆ ಸೇರುತ್ತದೆ. ಇವೆರಡರ ನಡುವೆ ಆಗುಂಬೆಯಂಥ ಗೋಡೆಯಿಲ್ಲ, ಕುದುರೆಮುಖದಂಥ ಶಿಖರವಿಲ್ಲ. ಅಡಿಕೆ ತೋಟ, ಗದ್ದೆ, ಹಕ್ಕಲು, ಮತ್ತೆ ತೋಟ. ಅದರ ನಡುವೆ ಎಷ್ಟೋ ಸಾಧಾರಣ ಏರುಗಳಲ್ಲಿ ಒಂದು, ಎರಡು ಕಡಲುಗಳ ನೀರನ್ನು ಬೇರ್ಪಡಿಸುತ್ತದೆ. ಕಾರಿನಲ್ಲಿ ಹೋಗುವವರಿಗೆ ಗೇರು ಬದಲಿಸುವ ಅಗತ್ಯವೂ ಬೀಳದ ಏರದು. ನಾನು ಪ್ರತಿ ದಿಣ್ಣೆಯ ಮೇಲೂ ನಿಂತು, ಆಚೆಯ ಹಳ್ಳ ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡಿಕೊಂಡೆ, ತೋಟದಲ್ಲಿದ್ದವರನ್ನು ಕೇಳಿಕೊಂಡೆ. ಒಂದು ಮನೆಯಲ್ಲಿ ಅಂಗಳದ ತುಂಬ ಅಡಿಕೆ ಸುಲಿಯುತ್ತಾ ಕೂತಿದ್ದರು. ಹಂಡೆಯಲ್ಲಿ ಬೇಯುತ್ತಿದ್ದ ಅಡಿಕೆಯ ಚೊಗರಿನ ವಾಸನೆ ರಸ್ತೆಗೇ ಬರುತ್ತಿತ್ತು. ಮನೆಯ ಅಮ್ಮ ಮೊದಲು "ಆಸರಿಗೆ ಏನು ಬೇಕು?" ಎಂದು ಕೇಳಿ, ಬೆಲ್ಲ ಮತ್ತು ನೀರು ತಂದಿಟ್ಟ ಮೇಲೆಯೇ ನನ್ನ ಪ್ರಶ್ನೆಯನ್ನು ಕಿವಿಗೆ ಹಾಕಿಕೊಂಡರು. ತೋಟದ ಕೆಳಗಿನ ಹಳ್ಳ ಶರಾವತಿಗೆ ಹೋಗುತ್ತದೆ, ಮನೆಯ ಹಿಂದಿನ ಗುಡ್ಡದಾಚೆಯದು ತುಂಗೆಗೆ ಎಂದು ಅವರ ಮಗ ಕೈ ತೋರಿಸಿ ಹೇಳಿದರು. ಅವರಿಗೆ ಅದು ಪಕ್ಕದ ಮನೆಯ ಬೇಲಿಯಷ್ಟೇ ಪರಿಚಿತವಾದ ಸಂಗತಿ.

ಹೊಸನಗರದಿಂದ ಮುಂದೆ ನೀರಿನ ಲೆಕ್ಕ ಬದಲಾಗುತ್ತದೆ, ಏಕೆಂದರೆ ಇಲ್ಲಿ ಮನುಷ್ಯರು ಅದನ್ನು ಬೇರೆ ರೀತಿಯಲ್ಲಿ ಬರೆದಿದ್ದಾರೆ. 1763ರಲ್ಲಿ ಹೈದರಾಲಿಯ ವಶವಾದ ಕೆಳದಿ ಅರಸರ ಬಿದನೂರು, ಅಂದರೆ ಇಂದಿನ ನಗರ, ಕಾಡಿನ ನಡುವೆ ಕೋಟೆ ಮತ್ತು ಕೆರೆಗಳೊಂದಿಗೆ ಉಳಿದುಕೊಂಡಿದೆ. ಅದರ ಸುತ್ತಮುತ್ತ ಚಕ್ರಾ, ಸಾವೇಹಕ್ಕಲು, ಮಾಣಿ ಜಲಾಶಯಗಳಿವೆ. ಘಟ್ಟದ ಕೆಳಗೆ ಇಳಿಯಬೇಕಿದ್ದ ಚಕ್ರಾ ಮತ್ತು ಸಾವೇಹಕ್ಕಲಿನ ನೀರನ್ನು ಕಾಲುವೆಯ ಮೂಲಕ ಶರಾವತಿಯ ಲಿಂಗನಮಕ್ಕಿ ಜಲಾಶಯಕ್ಕೆ ತಿರುಗಿಸಲಾಗಿದೆ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ 1,819 ಅಡಿ. ಆ ಮಟ್ಟಕ್ಕೆ ನೀರು ನಿಂತಾಗ ಅದರಡಿಯಲ್ಲಿ ಹೋದದ್ದು ಗದ್ದೆ, ತೋಟ, ದೇವಸ್ಥಾನ, ದಾರಿಗಳು. 1948ರಲ್ಲಿ ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಟ್ಟ ಹಿರೇಭಾಸ್ಕರ ಅಣೆಕಟ್ಟೂ ಅದರೊಳಗೇ ಮುಳುಗಿತು. ಹಿನ್ನೀರಿನ ಅಂಚಿನಲ್ಲಿ ಸೈಕಲ್ಲಿನಲ್ಲಿ ಹೋಗುವಾಗ, ಚೆನ್ನಾಗಿ ಇಳಿಜಾರಾಗಿ ಹೋಗುತ್ತಿದ್ದ ಹಳೆಯ ದಾರಿಯೊಂದು ನೇರವಾಗಿ ನೀರಿನೊಳಗೆ ಹೋಗುವುದನ್ನು ಕಂಡೆ. ಅದರ ತುದಿಯಲ್ಲಿ ಒಂದು ಹಳ್ಳ, ಒಂದು ಸಂಕ, ಆಚೆಗೆ ಒಂದು ಚಡಾವು ಇದ್ದಿರಲೇಬೇಕು. ನಾಡಿಗೆ ಬೆಳಕು ಕೊಟ್ಟು ತಾವು ಎದ್ದು ಹೋದವರಲ್ಲಿ ಅನೇಕ ಕುಟುಂಬಗಳು ತಮಗೆ ಕೊಟ್ಟ ಭೂಮಿಯ ಹಕ್ಕಿಗಾಗಿ ಇಂದಿಗೂ ಅಲೆಯುತ್ತಿವೆ. ಅಂಥ ಮನೆಯೊಂದರಲ್ಲಿ ನಾನು ರಾತ್ರಿ ಉಳಿದಿದ್ದೆ, ಅವರ ಮಾತು ಕೇಳಿದ ಮೇಲೆ ಜೋಗವನ್ನು ಮೊದಲಿನಂತೆ ನೋಡಲು ಆಗಲಿಲ್ಲ.

ಜೋಗದಲ್ಲಿ ಶರಾವತಿ 253 ಮೀಟರ್ ಬೀಳುತ್ತದೆ. ಅಷ್ಟು ಎತ್ತರವನ್ನು ಸಾಮಾನು ಹೇರಿದ ಸೈಕಲ್ಲಿನಲ್ಲಿ ಹತ್ತಲು ಒಳ್ಳೆಯ ರಸ್ತೆಯಲ್ಲಿ ನನಗೆ ಒಂದು ಗಂಟೆಯ ಆಸುಪಾಸು ಬೇಕು. ಲಿಂಗನಮಕ್ಕಿಯ ನೀರು ತಲಕಳಲೆಯ ಮೂಲಕ ಇಳಿದು 1,035 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವನ್ನು ನಡೆಸುತ್ತದೆ. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲಕ್ಕೆ ಪಂಪು ಮಾಡಿ ಮತ್ತೆ ಇಳಿಸುವ 2,000 ಮೆಗಾವಾಟಿನ ಯೋಜನೆಯ ಮಾತು ನಡೆದಿದೆ. ಮೇಲೆತ್ತಲು ಖರ್ಚಾಗುವ ವಿದ್ಯುತ್ತು ಇಳಿಸುವಾಗ ಪೂರ್ತಿ ಮರಳಿ ಬರುವುದಿಲ್ಲ. ಬೇಡಿಕೆ ಕಡಿಮೆಯಿರುವಾಗಿನ ವಿದ್ಯುತ್ತನ್ನು ಬೇಡಿಕೆಯ ಹೊತ್ತಿಗೆ ಕೂಡಿಡುವುದೇ ಅದರ ಉದ್ದೇಶ. ಆ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಬರುವುದು ಸಿಂಗಳೀಕಗಳಿರುವ ಶರಾವತಿ ಕಣಿವೆಯ ಕಾಡಿನಲ್ಲಿ. ಕೊಳವೆ ಮತ್ತು ಸುರಂಗಕ್ಕಿಂತ ಹೆಚ್ಚಾಗಿ ಅವುಗಳ ಕಡೆಗೆ ಹೋಗುವ ಹೊಸ ರಸ್ತೆಗಳ ಬಗ್ಗೆ ನನಗೆ ಭಯವಿದೆ. ನೆಟ್ಟಗೆ ಕತ್ತರಿಸಿದ ಧರೆಗಳನ್ನು ಇಷ್ಟು ದೂರ ನೋಡಿಕೊಂಡು ಬಂದ ಮೇಲೆ, ಈ ಕಣಿವೆಯಲ್ಲಿ ಅದು ಬೇಡ ಎಂದೇ ನನ್ನ ಅಭಿಪ್ರಾಯ.

ಜೋಗದಿಂದ ಹೊನ್ನಾವರಕ್ಕೆ ಗೇರುಸೊಪ್ಪೆಯ ಘಾಟಿಯಲ್ಲಿ ಇಳಿದರೆ ಕೊಂಕಣ ರೈಲು ಸಿಗುತ್ತದೆ. ನಾನು ಈ ಸಲ ಜೋಗದಲ್ಲೇ ನಿಂತು ಸಾಗರದಿಂದ ಮನೆಗೆ ಮರಳಿದೆ. ಮುಂದಿನ ಚಳಿಗಾಲದಲ್ಲಿ ಹೊನ್ನಾವರದ ಅಳಿವೆಯಿಂದ ಹೊರಟು, ಶರಾವತಿಗೆ ಎದುರಾಗಿ ಘಟ್ಟ ಹತ್ತಿ ಅಂಬುತೀರ್ಥದವರೆಗೆ ಹೋಗುವ ಯೋಚನೆಯಿದೆ. ಆ ದಾರಿಯನ್ನು ಸೈಕಲ್ಲಿನಲ್ಲಿ ಹತ್ತಿದವರು ಯಾರಾದರೂ ಇದ್ದರೆ, ಗೇರುಸೊಪ್ಪೆ ದಾಟಿದ ಮೇಲೆ ಕುಡಿಯುವ ನೀರು ಎಲ್ಲೆಲ್ಲಿ ಸಿಗುತ್ತದೆ, ಕತ್ತಲಾದರೆ ಉಳಿಯಲು ಜಾಗ ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.